ಮೂಕಪ್ರಾಣಿ ಮತ್ತು ಮಿದುಳಿನ ಚಿತ್ರ

ಅರವತ್ತಕ್ಕೆ ಅರಳು ಮರಳು ಎಂಬ ಮಾತು ಕನ್ನಡನಾಡಿನ ಮನೆಮನೆಯಲ್ಲಿಯೂ ಬಳಕೆಯಲ್ಲಿದೆ. ವಯಸ್ಸಾದವರು ಹೇಳಿದ್ದನ್ನೇ ಮತ್ತೆ ಹೇಳಿದರೆ, ಕನ್ನಡಕವನ್ನು ಎಲ್ಲಿಯೋ ಇಟ್ಟು ಇನ್ನೆಲ್ಲಿಯೋ ಹುಡುಕಿದರೆ, ಮೊಮ್ಮಗನನ್ನು ಮಗನ ಹೆಸರಿನಿಂದ ಕೂಗಿದರೆ, ಮನೆಯವರು ಈ ಮಾತನ್ನು ಹೇಳಿ ನಕ್ಕು ಸುಮ್ಮನಾಗುತ್ತಾರೆ. ಆ ಮಾತಿನಲ್ಲಿ ಸಹನೆಯಿದೆ; ಹಿರಿಯರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ದೊಡ್ಡ ಗುಣವಿದೆ. ಆದರೆ ಅದರ ಬೆನ್ನಿಗೇ ಒಂದು ಅಪಾಯವೂ ಇದೆ. ರೋಗವನ್ನು ವಯಸ್ಸೆಂದು ಬಗೆದು ಕೈಕಟ್ಟಿ ಕುಳಿತುಕೊಳ್ಳುವುದೇ ಆ ಅಪಾಯ. ಅರವತ್ತು ತುಂಬಿದವರೆಲ್ಲರಿಗೂ ಅರಳು ಮರಳಾಗುವುದಿಲ್ಲ. ಎಂಬತ್ತು ದಾಟಿದ ಮೇಲೂ ಮನೆಯ ಲೆಕ್ಕಪತ್ರಗಳನ್ನು ಬಾಯಲ್ಲಿಯೇ ಒಪ್ಪಿಸುವವರಿದ್ದಾರೆ. ಐವತ್ತೈದಕ್ಕೇ ತಮ್ಮ ಬೀದಿಯ ದಾರಿಯನ್ನು ಮರೆಯುವವರೂ ಇದ್ದಾರೆ. ಇಬ್ಬರ ಮಿದುಳಿನಲ್ಲಿಯೂ ನಡೆಯುತ್ತಿರುವುದು ಒಂದೇ ಅಲ್ಲ.

ಮೈಸೂರಿಗೆ ಈ ವಿಷಯ ದೂರದ್ದಲ್ಲ. ಈ ನಗರಕ್ಕೆ ನಿವೃತ್ತರ ಸ್ವರ್ಗವೆಂಬ ಹೆಸರು ಹಿಂದಿನಿಂದಲೂ ಇದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ತಲೆ ನರೆತವರು ಗುಂಪುಗುಂಪಾಗಿ ನಡೆದಾಡುವ ನೋಟ ಇಲ್ಲಿನವರಿಗೆ ಪರಿಚಿತವಾದುದು. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾ ಎಂಬ ಮರೆವಿನ ರೋಗಕ್ಕೆ ತುತ್ತಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ. ಕೈ ನಡುಗಿಸಿ ಕಾಲನ್ನು ಕಟ್ಟಿಹಾಕುವ ಪಾರ್ಕಿನ್ಸನ್ ರೋಗಿಗಳು ಈ ಲೆಕ್ಕಕ್ಕೆ ಹೊರತಾದವರು. ಪಾರ್ಕಿನ್ಸನ್ ರೋಗವನ್ನು ಹಳೆಯ ವೈದ್ಯರು ಕಂಪವಾತವೆಂದು ಕರೆಯುತ್ತಿದ್ದರು. ಮರೆವಿನ ರೋಗಗಳಲ್ಲಿ ಬಹುಪಾಲು ಆಲ್ಜೈಮರ್ ಎಂಬ ಹೆಸರಿನದು. ಹೊರಗೆ ತೋರುವ ಲಕ್ಷಣಗಳು ಬೇರೆಯಾದರೂ ಒಳಗಿನ ಕಥೆ ಒಂದು ಬಗೆಯಲ್ಲಿ ಸಮಾನವಾದುದು: ನರಕೋಶಗಳು ಮೆಲ್ಲಮೆಲ್ಲನೆ ಕ್ಷಯಿಸುತ್ತವೆ, ಕ್ಷಯಿಸಿದ ಕೋಶ ಮರಳಿ ಬರುವುದಿಲ್ಲ.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ ಈ ರೋಗದ ಮೊದಲ ವಿವರಣೆಯನ್ನು ವಿದ್ವಾಂಸರ ಮುಂದಿಟ್ಟದ್ದು 1906ರಲ್ಲಿ. ಆತನ ರೋಗಿಯಾಗಿದ್ದ ಹೆಂಗಸು ತನ್ನ ಹೆಸರನ್ನೇ ಬರೆಯಲಾರದೆ ತಡವರಿಸಿದುದನ್ನು ಅವನು ಕಂಡಿದ್ದನು. ಆದರೆ ಅವಳ ತಲೆಯೊಳಗೆ ಏನು ನಡೆಯುತ್ತಿದೆಯೆಂಬುದನ್ನು ಕಾಣುವ ಉಪಾಯ ಅವನಿಗಿರಲಿಲ್ಲ. ಅವಳು ಸತ್ತ ಬಳಿಕ ಮಿದುಳನ್ನು ತೆಳುವಾಗಿ ಸೀಳಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕೋಶಗಳ ನಡುವೆ ಚಕ್ಕೆಗಳೂ ಕೋಶಗಳ ಒಳಗೆ ಸಿಕ್ಕುಗಟ್ಟಿದ ನೂಲುಗಳೂ ಕಂಡವು. ಅಂದಿನಿಂದ ಬಹುಕಾಲದವರೆಗೆ ಈ ರೋಗದ ಖಚಿತವಾದ ನಿರ್ಣಯ ರೋಗಿ ಸತ್ತ ಮೇಲೆಯೇ ಸಾಧ್ಯವೆಂಬ ವಿಚಿತ್ರ ಸ್ಥಿತಿ ವೈದ್ಯಶಾಸ್ತ್ರಕ್ಕೆ ಒದಗಿತು. ಮನೆ ಸುಟ್ಟುಹೋದ ಬಳಿಕ ಬೂದಿಯನ್ನು ಕೆದಕಿ ಬೆಂಕಿ ಎಲ್ಲಿ ಹತ್ತಿತೆಂದು ಊಹಿಸಿದಂತಾಯಿತು ಅದು.

ಈ ಕತ್ತಲೆಯನ್ನು ಸ್ವಲ್ಪಮಟ್ಟಿಗೆ ತೊಲಗಿಸಿದುದು ಜೀವಂತ ಮಿದುಳಿನ ಚಿತ್ರ ತೆಗೆಯುವ ವಿದ್ಯೆ. 1970ರ ದಶಕದಲ್ಲಿ ಕ್ಷಕಿರಣ ಮತ್ತು ಕಂಪ್ಯೂಟರುಗಳನ್ನು ಒಂದುಗೂಡಿಸಿದ ಸಿ.ಟಿ. ಯಂತ್ರ ಬಂದಿತು. ಅದರ ಹಿಂದೆಯೇ ಎಂ.ಆರ್.ಐ. ಎಂಬ ಕಾಂತೀಯ ವಿಧಾನ ರೂಪುಗೊಂಡಿತು. ದೇಹದಲ್ಲಿರುವ ನೀರಿನ ಜಲಜನಕದ ಬೀಜಗಳು ಬಲವಾದ ಕಾಂತದೊಳಗೆ ರೇಡಿಯೊ ಅಲೆಗಳಿಗೆ ಓಗೊಡುತ್ತವೆ. ಆ ಓಗೊಡುವಿಕೆಯನ್ನು ಲೆಕ್ಕ ಹಾಕಿ ಎಂ.ಆರ್.ಐ. ಯಂತ್ರ ಚಿತ್ರ ಬರೆಯುತ್ತದೆ. ಮಿದುಳಿನ ಯಾವ ಭಾಗ ಎಷ್ಟು ಕುಗ್ಗಿದೆಯೆಂಬುದು ಅದರಲ್ಲಿ ಕಾಣುತ್ತದೆ. ಪೆಟ್ ಎಂಬ ಮೂರನೆಯ ವಿಧಾನದ ರೀತಿಯೇ ಬೇರೆ. ಅತ್ಯಲ್ಪ ಪ್ರಮಾಣದ ವಿಕಿರಣ ಗುರುತು ಹಚ್ಚಿದ ಪದಾರ್ಥವನ್ನು ರಕ್ತಕ್ಕೆ ಸೇರಿಸಿ, ಅದು ಮಿದುಳಿನಲ್ಲಿ ಎಲ್ಲಿ ಹೋಗಿ ನಿಲ್ಲುತ್ತದೆಂಬುದನ್ನು ಹೊರಗಿನಿಂದ ನೋಡುವುದು ಅದರ ಕ್ರಮ. ಆಲ್ಜೈಮರನು ಕಂಡ ಚಕ್ಕೆಗಳು ಅಮಿಲಾಯ್ಡ್ ಎಂಬ ಪ್ರೋಟೀನಿನಿಂದಾದವು. ಆ ಚಕ್ಕೆಗಳಿಗೆ ಅಂಟಿಕೊಳ್ಳುವ ಪದಾರ್ಥವೊಂದನ್ನು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಸಿದ್ಧಪಡಿಸಿದರು. ಅದರ ನೆರವಿನಿಂದ ಜೀವಂತ ರೋಗಿಗಳ ಮಿದುಳಿನಲ್ಲಿ ಚಕ್ಕೆಗಳನ್ನು ಕಂಡ ವರದಿ 2004ರಲ್ಲಿ ಪ್ರಕಟವಾಯಿತು. ಚಕ್ಕೆಗಳು ಕೂಡತೊಡಗುವುದು ಮರೆವು ತೋರುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಎಂಬುದು ಇಂಥ ಚಿತ್ರಗಳಿಂದಲೇ ತಿಳಿದುಬಂದ ಸಂಗತಿ. ಅರವತ್ತೈದಕ್ಕೆ ಕಾಣಿಸಿಕೊಂಡ ರೋಗದ ಬೇರು ನಲವತ್ತೈದರಲ್ಲಿಯೇ ಇಳಿದಿರುತ್ತದೆ.

ಹಾಗಾದರೆ ಮನುಷ್ಯರನ್ನೇ ನೋಡಿದರಾಯಿತಲ್ಲ, ಪ್ರಾಣಿಗಳನ್ನೇಕೆ ನಡುವೆ ತರಬೇಕು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಮನುಷ್ಯನಲ್ಲಿ ರೋಗ ಯಾವ ದಿನ ಮೊದಲಾಯಿತೆಂದು ಹೇಳುವವರಿಲ್ಲ. ಅವನು ಉಂಡದ್ದೇನು, ಉಸಿರಾಡಿದ್ದೇನು, ತಾಯಿತಂದೆಗಳಿಂದ ಪಡೆದದ್ದೇನು ಎಂಬ ನೂರು ಸಂಗತಿಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಇಪ್ಪತ್ತು ವರ್ಷ ಕಾದು ನೋಡಲು ಒಬ್ಬ ವಿಜ್ಞಾನಿಯ ಆಯುಸ್ಸು ಸಾಲದು. ಸುಂಡಿಲಿ ಬದುಕುವುದು ಎರಡು ಮೂರು ವರ್ಷ. ಅದರ ಬಾಲ್ಯದಿಂದ ಮುಪ್ಪಿನವರೆಗೆ ಒಬ್ಬ ವಿದ್ಯಾರ್ಥಿ ತನ್ನ ಸಂಶೋಧನೆಯ ಅವಧಿಯಲ್ಲಿಯೇ ನೋಡಿ ಮುಗಿಸಬಹುದು. ಅದರ ಆಹಾರವನ್ನೂ ವಂಶವನ್ನೂ ಗೊತ್ತುಪಡಿಸಬಹುದು. ರೋಗದ ಆರಂಭವನ್ನು ದಿನಾಂಕ ಹಾಕಿ ಗುರುತಿಸಬಹುದು. ಹೊಸ ಔಷಧವನ್ನು ಮನುಷ್ಯನಿಗೆ ಕೊಡುವ ಮುನ್ನ ಅದು ವಿಷವೋ ಅಲ್ಲವೋ ಎಂಬುದನ್ನಾದರೂ ತಿಳಿಯಬೇಕು.

ಮೈಸೂರಿನಲ್ಲಿಯೇ ಈ ಬಗೆಯ ಕೆಲಸ ನಡೆದಿದೆ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವೆಂದರೆ ಜನರ ಮನಸ್ಸಿಗೆ ಮಕ್ಕಳ ಆಹಾರ, ಹಣ್ಣಿನ ರಸ, ಸಂಬಾರ ಪದಾರ್ಥಗಳು ಬರುತ್ತವೆ, ಮಿದುಳು ಬರುವುದಿಲ್ಲ. ಆದರೆ ಉಣ್ಣುವ ಅನ್ನದೊಡನೆ ದೇಹಕ್ಕೆ ಹೋಗುವ ವಿಷಗಳೂ ಸತ್ವಗಳೂ ನರಗಳ ಮೇಲೆ ಏನು ಮಾಡುತ್ತವೆಂಬುದು ಆಹಾರವಿಜ್ಞಾನದ ಪ್ರಶ್ನೆಯೇ. ಅಲ್ಲಿನ ವಿಜ್ಞಾನಿಗಳಾದ ಮುರಳೀಧರ ಮತ್ತು ರವಿಕುಮಾರ ಹೊಸಮನಿ ಅವರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಹಣ್ಣಿನ ನೊಣಗಳ ಮೇಲೆ ನಡೆಯಿತು. ಕೊಳೆತ ಬಾಳೆಹಣ್ಣಿನ ಸುತ್ತ ಮುತ್ತುವ ಈ ಸಣ್ಣ ನೊಣವನ್ನು ಮೈಸೂರಿನ ಪ್ರಾಣಿಶಾಸ್ತ್ರಜ್ಞರು ಹಲವು ದಶಕಗಳಿಂದ ಬಲ್ಲರು. ಅದರ ತಳಿಗಳನ್ನು ಕಾಪಾಡುವ ಭಂಡಾರವೇ ಮಾನಸಗಂಗೋತ್ರಿಯಲ್ಲಿದೆ.

ಆ ಪ್ರಯೋಗದ ರೀತಿ ಸರಳವೂ ಸೊಗಸೂ ಆದುದು. ಆರೋಗ್ಯವಾದ ನೊಣಗಳನ್ನು ಗಾಜಿನ ಕೊಳವೆಯಲ್ಲಿ ಹಾಕಿ ಮೆಲ್ಲನೆ ತಟ್ಟಿದರೆ ಅವು ತಳಕ್ಕೆ ಬಿದ್ದು ಮರುಗಳಿಗೆಯೇ ಗೋಡೆಯನ್ನು ಹಿಡಿದು ಮೇಲಕ್ಕೇರುತ್ತವೆ. ರೊಟೆನೋನ್ ಎಂಬ ಕೀಟನಾಶಕವನ್ನು ತಿಂದ ನೊಣಗಳಿಗೆ ಅದು ಆಗದು. ಅವು ತಳದಲ್ಲಿಯೇ ತಡವರಿಸುತ್ತವೆ. ಪಾರ್ಕಿನ್ಸನ್ ರೋಗಿಯ ಮಿದುಳಿನಲ್ಲಿ ಕಡಮೆಯಾಗುವ ಡೋಪಮಿನ್ ಎಂಬ ರಾಸಾಯನಿಕವೇ ಅವುಗಳಲ್ಲಿಯೂ ಕಡಮೆಯಾಗುತ್ತದೆ. ರೊಟೆನೋನಿನೊಡನೆ ನೀರುಬ್ರಾಹ್ಮಿಯನ್ನೂ ತಿನ್ನಿಸಿದಾಗ ಸಾಯುವ ನೊಣಗಳ ಸಂಖ್ಯೆ ತಗ್ಗಿತು, ಹತ್ತುವ ಶಕ್ತಿ ಸುಧಾರಿಸಿತು. (ಒಂದೆಲಗವನ್ನೂ ಬ್ರಾಹ್ಮಿಯೆಂದು ಕರೆಯುವ ರೂಢಿ ಈ ಸೀಮೆಯಲ್ಲಿದೆ, ಆದರೆ ಅದು ಬೇರೆಯ ಗಿಡ.) ಅದೇ ಸಂಸ್ಥೆಯಲ್ಲಿ ಕೆ. ಎಸ್. ಜಗನ್ನಾಥ ರಾವ್ ಮತ್ತು ಸಂಗಡಿಗರು ಅಲ್ಯೂಮಿನಿಯಂ ಲವಣವನ್ನು ಕೊಟ್ಟ ಮುದಿ ಮೊಲಗಳು ಆಲ್ಜೈಮರ್ ರೋಗದ ಅಧ್ಯಯನಕ್ಕೆ ಎಷ್ಟರಮಟ್ಟಿಗೆ ಮಾದರಿಯಾಗಬಲ್ಲವೆಂಬುದನ್ನು ಪರಿಶೀಲಿಸಿ 2006ರಲ್ಲಿ ಬರೆದರು.

ಮೊಲವೇ ಏಕೆ? ಇಲ್ಲಿ ಒಂದು ಸ್ವಾರಸ್ಯವಿದೆ. ಅಮಿಲಾಯ್ಡ್ ಪ್ರೋಟೀನಿನ ಸರಪಳಿ ಮೊಲದಲ್ಲಿಯೂ ಮನುಷ್ಯನಲ್ಲಿಯೂ ಒಂದೇ. ಇಲಿ ಸುಂಡಿಲಿಗಳಲ್ಲಾದರೋ ಮೂರು ಕೊಂಡಿಗಳು ಬೇರೆ. ಅಷ್ಟು ಸಣ್ಣ ಭೇದದ ದೆಸೆಯಿಂದ ಸುಂಡಿಲಿಗೆ ಎಷ್ಟು ಮುಪ್ಪಾದರೂ ತಾನಾಗಿ ಆ ಚಕ್ಕೆಗಳು ಮೂಡುವುದಿಲ್ಲ. ಮನುಷ್ಯನ ರೋಗದ ಜೀನನ್ನು ಸೇರಿಸಿ ಚಕ್ಕೆ ಮೂಡುವ ಸುಂಡಿಲಿಯನ್ನು ವಿಜ್ಞಾನಿಗಳು ಸೃಷ್ಟಿಸಿದ ಸುದ್ದಿ 1995ರಲ್ಲಿ ಬಂದಾಗ ಅದನ್ನು ದೊಡ್ಡ ಗೆಲುವೆಂದು ಕೊಂಡಾಡಲಾಯಿತು. ಗೆಲುವೇನೋ ಹೌದು. ಆದರೆ ಅಂಥ ಸುಂಡಿಲಿಗಳಲ್ಲಿ ಹೆಚ್ಚಿನವುಗಳ ಮಿದುಳಿನಲ್ಲಿ ಚಕ್ಕೆ ತುಂಬಿದರೂ ಮನುಷ್ಯನಲ್ಲಿ ಆಗುವಷ್ಟು ನರಕೋಶಗಳ ನಾಶ ಆಗುವುದಿಲ್ಲ. ಅದನ್ನು ಆಲ್ಜೈಮರ್ ಬಂದ ಸುಂಡಿಲಿಯೆಂದು ಕರೆಯುವುದಕ್ಕಿಂತ ಅಮಿಲಾಯ್ಡ್ ಕೂಡಿದ ಸುಂಡಿಲಿಯೆಂದು ಕರೆಯುವುದೇ ಸರಿಯಾದೀತು.

ನೊಣ, ಮೊಲಗಳ ಮೇಲಿನ ಈ ಕೆಲಸಗಳಲ್ಲಿ ಒಂದು ಸಮಾನವಾದ ಸಂಗತಿಯಿದೆ. ಒಳಗೆ ನಡೆದುದನ್ನು ತಿಳಿಯಲು ಪ್ರಾಣಿಯನ್ನು ಕೊಂದು ಮಿದುಳಿನ ಅಂಗಾಂಶವನ್ನು ಪರೀಕ್ಷಿಸಬೇಕು. ಸತ್ತ ಪ್ರಾಣಿ ಒಂದು ದಿನದ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ನಿನ್ನೆ ಹೇಗಿತ್ತು, ನಾಳೆ ಏನಾಗುತ್ತಿತ್ತು ಎಂಬುದನ್ನು ಹೇಳಲಾರದು. ರೋಗವಾದರೋ ಹರಿಯುವ ಹೊಳೆಯಂಥದು. ಉದಾಹರಣೆಗೆ, ಐದು ಹಂತಗಳಲ್ಲಿ ರೋಗ ಹೇಗೆ ಮುಂದುವರಿಯಿತೆಂದು ನೋಡಬೇಕಾಗಿದೆ, ಪ್ರತಿಯೊಂದು ಹಂತಕ್ಕೂ ಹತ್ತು ಸುಂಡಿಲಿಗಳು ಬೇಕೆಂದು ಇಟ್ಟುಕೊಳ್ಳಬಹುದು. ಹಳೆಯ ರೀತಿಯಲ್ಲಿ ಐವತ್ತು ಪ್ರಾಣಿಗಳು ಸಾಯಬೇಕು. ಅಷ್ಟಾದರೂ ಎರಡನೆಯ ಹಂತದಲ್ಲಿ ನೋಡಿದ ಸುಂಡಿಲಿ ಬೇರೆ, ಮೂರನೆಯ ಹಂತದಲ್ಲಿ ನೋಡಿದುದು ಬೇರೆ. ಎಂ.ಆರ್.ಐ. ಅಥವಾ ಪೆಟ್ ಯಂತ್ರವಿದ್ದರೆ ಅವೇ ಹತ್ತು ಸುಂಡಿಲಿಗಳನ್ನು ಐದು ಸಲವೂ ನೋಡಬಹುದು. ಆಗ ಪ್ರತಿಯೊಂದು ಪ್ರಾಣಿಯೂ ತನಗೆ ತಾನೇ ಹೋಲಿಕೆಯಾಗುತ್ತದೆ. ಇದಕ್ಕೆ ಔಷಧ ಕೊಟ್ಟ ಮೇಲೆ ಬದಲಾವಣೆಯಾಯಿತೋ, ಮೊದಲೇ ಹೀಗಿತ್ತೋ ಎಂಬ ಸಂಶಯ ಉಳಿಯುವುದಿಲ್ಲ. ದಯೆಯೂ ಸತ್ಯವೂ ಒಂದೇ ದಾರಿಯಲ್ಲಿ ನಡೆಯುವ ಸಂದರ್ಭಗಳು ಪ್ರಯೋಗಶಾಲೆಯಲ್ಲಿ ಅಪರೂಪ. ಇದು ಅಂಥದೊಂದು.

ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲಿಯೇ ಈ ಮಾತಿಗೆ ಹತ್ತಿರವಾದುದನ್ನು ಹೇಳಿದ್ದರು: ಸಾಧ್ಯವಾದಲ್ಲಿ ಪ್ರಾಣಿಗೆ ಬದಲಾಗಿ ಬೇರೆ ಉಪಾಯವನ್ನು ಬಳಸಬೇಕು, ಆಗದಿದ್ದಲ್ಲಿ ಸಂಖ್ಯೆಯನ್ನು ತಗ್ಗಿಸಬೇಕು, ಅದೂ ಆಗದಿದ್ದಲ್ಲಿ ನೋವನ್ನಾದರೂ ತಗ್ಗಿಸಬೇಕು. ಭಾರತದಲ್ಲಿ 1960ರ ಪ್ರಾಣಿಹಿಂಸಾ ತಡೆ ಕಾಯಿದೆ ಪ್ರಯೋಗಪ್ರಾಣಿಗಳ ಮೇಲ್ವಿಚಾರಣೆಗೆ ಸಮಿತಿಯನ್ನು ನೇಮಿಸಲು ಅವಕಾಶ ಕಲ್ಪಿಸಿತು. ಪ್ರಾಣಿಗಳ ಪ್ರಯೋಗಕ್ಕೆ ಒಪ್ಪಿಗೆ ನೀಡುವವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ಚಿತ್ರದಿಂದ ತಿಳಿಯಬಹುದಾದುದಕ್ಕೆ ಚಾಕುವನ್ನೇಕೆ ಕೇಳುತ್ತೀರಿ? ಸಣ್ಣ ಪ್ರಾಣಿಗಳ ಎಂ.ಆರ್.ಐ. ಯಂತ್ರ ಬಹಳ ದುಬಾರಿಯೆಂಬುದು ನಿಜ. ಒಂದೊಂದು ಸಂಸ್ಥೆಯೂ ಒಂದೊಂದನ್ನು ಕೊಳ್ಳಬೇಕಾಗಿಲ್ಲ. ಊರಿನ ಕೆರೆಯಂತೆ ಹಲವರು ಒಂದನ್ನು ಹಂಚಿಕೊಂಡು ಬಳಸಬಹುದು.

ಆದರೆ ಯಂತ್ರ ಬಂದ ಮಾತ್ರಕ್ಕೆ ಎಲ್ಲವೂ ಕಂಡುಬಿಡುತ್ತದೆಂದು ನಂಬಿದರೆ ಅದು ಇನ್ನೊಂದು ಬಗೆಯ ಕುರುಡು. ಮನುಷ್ಯನ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಸುಂಡಿಲಿಯದು ಅರ್ಧ ಗ್ರಾಮೂ ಇಲ್ಲ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಬಲದ ಕಾಂತ ಸಾಕಾದರೆ, ಕಡಲೆಬೀಜದಷ್ಟು ಗಾತ್ರದ ಆ ಮಿದುಳನ್ನು ವಿವರವಾಗಿ ಕಾಣಲು 7 ಅಥವಾ 9.4 ಟೆಸ್ಲಾ ಬೇಕಾಗುತ್ತದೆ. ಅಲುಗಾಡದೆ ಮಲಗಿರೆಂದು ಮನುಷ್ಯನಿಗೆ ಹೇಳಬಹುದು, ಸುಂಡಿಲಿಗೆ ಹೇಳಲಾಗದು. ಅದಕ್ಕೆ ಅರಿವಳಿಕೆ ಕೊಡಬೇಕು. ಅರಿವಳಿಕೆ ಕೊಟ್ಟ ಮಿದುಳು ಎಚ್ಚರದ ಮಿದುಳಿನಂತೆ ಕೆಲಸ ಮಾಡುವುದಿಲ್ಲ. ಪಿಟ್ಸ್‌ಬರ್ಗಿನವರು ಸಿದ್ಧಪಡಿಸಿದ ಪದಾರ್ಥವಂತೂ ಒಂದು ಪಾಠವನ್ನೇ ಕಲಿಸಿತು. ಮನುಷ್ಯನ ಮಿದುಳಿನ ಚಕ್ಕೆಗಳಿಗೆ ಗಟ್ಟಿಯಾಗಿ ಅಂಟಿಕೊಂಡ ಅದು, ಜೀನು ಸೇರಿಸಿದ ಸುಂಡಿಲಿಯ ಚಕ್ಕೆಗಳಿಗೆ ಹಾಗೆ ಅಂಟಿಕೊಳ್ಳಲಿಲ್ಲ. ಇದನ್ನು ಆ ವಿಜ್ಞಾನಿಗಳೇ 2005ರಲ್ಲಿ ತಿಳಿಸಿದರು. ಸೂಕ್ಷ್ಮದರ್ಶಕದ ಕೆಳಗೆ ಎರಡೂ ಒಂದೇ ಬಗೆಯ ಚಕ್ಕೆಗಳೆಂದು ತೋರುತ್ತಿದ್ದವು. ಒಳಗಿನ ಕಟ್ಟಡ ಒಂದೇ ಆಗಿರಲಿಲ್ಲ.

ಪ್ರಾಣಿಯಿಂದ ಪ್ರಾಣಿಗೆ ಎಷ್ಟು ಅಂತರವಿರಬಹುದೆಂಬುದನ್ನು ಪಾರ್ಕಿನ್ಸನ್ ರೋಗದ ಒಂದು ಘಟನೆ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕೆಲವು ತರುಣರು ಕಳ್ಳತನದಿಂದ ತಯಾರಾದ ಮಾದಕ ಪದಾರ್ಥವನ್ನು ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಮರದ ಗೊಂಬೆಗಳಂತೆ ಮರಗಟ್ಟಿಹೋದರು. ವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಅದರ ಕಾರಣವನ್ನು ಹುಡುಕಿ, ಮಾದಕದಲ್ಲಿ ಬೆರೆತಿದ್ದ ಎಂ.ಪಿ.ಟಿ.ಪಿ. ಎಂಬ ವಿಷವನ್ನು ಗುರುತಿಸಿದರು. ಆ ವಿಷಕ್ಕೆ ಇಲಿಗಳು ಬಹುಮಟ್ಟಿಗೆ ಜಗ್ಗಲಿಲ್ಲ. ಕೋತಿಗಳಲ್ಲಿ ಮಾತ್ರ ಮನುಷ್ಯನ ರೋಗದಂಥದೇ ಸ್ಥಿತಿ ಉಂಟಾಯಿತು. ಆ ಪ್ರಯೋಗಗಳಲ್ಲಿ ಬಳಸಿದ ಉತ್ತರ ಭಾರತದ ಕೋತಿ, ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲೆ ಭಕ್ತರ ಕೈಯಿಂದ ಬಾಳೆಹಣ್ಣನ್ನು ಕಿತ್ತುಕೊಳ್ಳುವ ಕೋತಿಗೆ ಹತ್ತಿರದ ನಂಟ. ಇಲಿಯನ್ನೊಂದೇ ನಂಬಿದ್ದರೆ ಆ ವಿಷವನ್ನು ನಿರಪಾಯಕರವೆಂದು ಬರೆದುಬಿಡುವ ಸಂಭವವಿತ್ತು. ಇನ್ನೂ ಒಂದು ಸಂಗತಿ: ವಿಷವನ್ನು ಸೇವಿಸಿದ್ದರೂ ಯಾವ ಲಕ್ಷಣವನ್ನೂ ತೋರದಿದ್ದ ಕೆಲವರ ಮಿದುಳನ್ನು ಪೆಟ್ ಯಂತ್ರದಿಂದ ನೋಡಿದಾಗ ಡೋಪಮಿನ್ ವ್ಯವಸ್ಥೆಗೆ ಆಗಲೇ ಪೆಟ್ಟು ಬಿದ್ದುದು ಕಂಡುಬಂದಿತು. 1985ರಲ್ಲಿ ಬಂದ ಆ ವರದಿ, ಕೈ ನಡುಗುವುದಕ್ಕೆ ಮೊದಲೇ ರೋಗವನ್ನು ಕಾಣಬಹುದೆಂಬ ಆಸೆಯನ್ನು ಹುಟ್ಟಿಸಿತು.

ಪ್ರಾಣಿಯ ಸಾಕ್ಷ್ಯವನ್ನು ಎಷ್ಟು ನಂಬಬೇಕೆಂಬುದನ್ನು ತೂಗಲು ಆಲ್ಜೈಮರ್ ರೋಗದ ಲಸಿಕೆಯ ಇತಿಹಾಸಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ. 1999ರಲ್ಲಿ ಅಮಿಲಾಯ್ಡಿನ ವಿರುದ್ಧ ಲಸಿಕೆ ಹಾಕಿದ ಸುಂಡಿಲಿಗಳಲ್ಲಿ ಚಕ್ಕೆಗಳು ಮೂಡಲಿಲ್ಲ, ಮೂಡಿದ್ದವು ಕರಗಿದವು ಎಂಬ ಸುದ್ದಿ ಬಂದಿತು. ಮುಪ್ಪಿನ ಮರೆವಿಗೆ ಮದ್ದು ಸಿಕ್ಕಿತೆಂದು ಜಗತ್ತು ಸಂಭ್ರಮಿಸಿತು. ಲಸಿಕೆಯನ್ನು ಸುಮಾರು 300 ರೋಗಿಗಳಿಗೆ ಕೊಡಲಾಯಿತು. ಅವರಲ್ಲಿ 18 ಮಂದಿಗೆ ಮಿದುಳಿನ ಉರಿಯೂತ ಬಂದುದರಿಂದ 2002ರ ಜನವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಸುಂಡಿಲಿಗಳು ಈ ಅಪಾಯದ ಸುಳಿವನ್ನು ಕೊಟ್ಟಿರಲಿಲ್ಲ.

ಹಾಗೆಂದು ಪ್ರಾಣಿಗಳು ಎಂದಿಗೂ ಎಚ್ಚರಿಸುವುದಿಲ್ಲವೇ? ಅದೇ 2002ರ ಕೊನೆಯಲ್ಲಿ ಬಂದ ಇನ್ನೊಂದು ವರದಿಯನ್ನು ನೋಡಬೇಕು. ಅಮಿಲಾಯ್ಡನ್ನು ತೊಡೆಯುವ ಪ್ರತಿಕಾಯಗಳನ್ನು ಮುದಿ ಸುಂಡಿಲಿಗಳಿಗೆ ಚುಚ್ಚಿದಾಗ ಅವುಗಳ ಮಿದುಳಿನ ರಕ್ತನಾಳಗಳಿಂದ ಸಣ್ಣಸಣ್ಣ ರಕ್ತಸ್ರಾವಗಳು ಹೆಚ್ಚಾದವು. ಇಪ್ಪತ್ತು ವರ್ಷಗಳ ಮೇಲೆ, 2023ರಲ್ಲಿ, ಅದೇ ತತ್ತ್ವದ ಮೇಲೆ ಸಿದ್ಧವಾದ ಲೆಕಾನೆಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಪೂರ್ಣ ಅನುಮತಿ ದೊರೆಯಿತು. ಆ ಔಷಧ ರೋಗವನ್ನು ನಿಲ್ಲಿಸುವುದಿಲ್ಲ; ಅದರ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ. ಅದನ್ನು ಪಡೆಯುವವರಲ್ಲಿ ಕೆಲವರಿಗೆ ಮಿದುಳಿನ ಊತವೂ ಸಣ್ಣ ರಕ್ತಸ್ರಾವಗಳೂ ಆಗುತ್ತವೆ. ಆದುದರಿಂದಲೇ ಚಿಕಿತ್ಸೆಗೆ ಮೊದಲೂ ಚಿಕಿತ್ಸೆಯ ನಡುವೆಯೂ ಎಂ.ಆರ್.ಐ. ಚಿತ್ರ ತೆಗೆಯಲೇಬೇಕೆಂಬ ನಿಯಮವಿದೆ. ಮುದಿ ಸುಂಡಿಲಿಗಳು ಹೇಳಿದ ಮಾತು ನಿಜವಾಯಿತು.

ಇಲ್ಲಿ ಮುದಿ ಎಂಬ ಮಾತಿಗೆ ಒತ್ತು ಕೊಡಬೇಕು. ಮುಪ್ಪಿನ ರೋಗವನ್ನು ಎಳೆಯ ಪ್ರಾಣಿಗಳಲ್ಲಿ ನೋಡುವುದು ಸುಲಭ. ಬೇಗ ಮುಗಿಯುತ್ತದೆ, ಖರ್ಚು ಕಡಮೆ. ಆದರೆ ಹಾಗೆ ನೋಡಿದುದು ಮುಪ್ಪಲ್ಲ. ಮೈಸೂರಿನ ವಿಜ್ಞಾನಿಗಳು ವಯಸ್ಸಾದ ಮೊಲಗಳನ್ನು ಆರಿಸಿಕೊಂಡುದರ ಹಿಂದೆ ಈ ವಿವೇಕವಿತ್ತು. ಮೊಲವನ್ನು ಮುದಿಯಾಗುವವರೆಗೆ ಸಾಕಲು ತಾಳ್ಮೆಯೂ ಹಣವೂ ಬೇಕು. ಅದನ್ನು ಮಧ್ಯೆ ಮಧ್ಯೆ ಚಿತ್ರ ತೆಗೆದು ನೋಡಿದರೆ ಆ ಸಾಕಣೆಯ ಖರ್ಚು ಸಾರ್ಥಕವಾಗುತ್ತದೆ.

ಪ್ರಾಣಿಪ್ರಯೋಗವೇ ಕೂಡದು, ಕಂಪ್ಯೂಟರಿನಲ್ಲಿಯೇ ಎಲ್ಲವನ್ನೂ ಲೆಕ್ಕ ಹಾಕಬಹುದೆಂದು ವಾದಿಸುವವರಿದ್ದಾರೆ. ಅವರ ಕರುಣೆ ಗೌರವಕ್ಕೆ ಯೋಗ್ಯವಾದುದು. ಆದರೆ ಔಷಧವನ್ನು ನೇರವಾಗಿ ರೋಗಿಯ ನಾಳಕ್ಕೆ ಹರಿಸುವ ಹೊಣೆಯನ್ನು ಹೊರಲು ಅವರಲ್ಲಿ ಯಾರೂ ಮುಂದೆ ಬರಲಾರರು. ಇದಕ್ಕಿಂತ ಹೆಚ್ಚು ಕೆಡುಕನ್ನು ಮಾಡುವವರು ಎದುರು ಪಕ್ಷದಲ್ಲಿದ್ದಾರೆ. ಸುಂಡಿಲಿಯ ಮಿದುಳಿನ ಬಣ್ಣದ ಚಿತ್ರವೊಂದು ಪತ್ರಿಕೆಯಲ್ಲಿ ಅಚ್ಚಾದ ಮರುದಿನವೇ ಮರೆವಿಗೆ ಮದ್ದು ಸಿಕ್ಕಿತೆಂದು ಸಾರುವವರು ಅವರು. ನೊಣ ಕೊಳವೆಯನ್ನು ಹತ್ತಿತೆಂಬ ಸಂಗತಿಯನ್ನು ಹಿಡಿದುಕೊಂಡು, ಅಜ್ಜನ ನೆನಪು ಮರಳುತ್ತದೆಂದೋ, ಪರೀಕ್ಷೆಯಲ್ಲಿ ಮೊಮ್ಮಗನಿಗೆ ಹೆಚ್ಚು ಅಂಕ ಬರುತ್ತದೆಂದೋ ಹೇಳಿ ಸೀಸೆಗಳನ್ನು ಮಾರುವುದು ವಿಜ್ಞಾನವಲ್ಲ, ವ್ಯಾಪಾರ. ಆ ಪ್ರಯೋಗ ಮಾಡಿದವರು ಹಾಗೆಂದು ಹೇಳಿರಲಿಲ್ಲ. ಪಿಂಚಣಿಯ ಹಣದಲ್ಲಿ ಹೆಂಡತಿಗೆ ಸೀಸೆಯ ಮೇಲೆ ಸೀಸೆ ತಂದುಕೊಡುವ ಮುದುಕನಿಗೆ ಪ್ರಾಣಿಯ ಚಿತ್ರಕ್ಕೂ ಮನುಷ್ಯನ ಗುಣಕ್ಕೂ ನಡುವೆ ಇರುವ ದಾರಿಯ ಉದ್ದ ತಿಳಿದಿರುವುದಿಲ್ಲ. ತಿಳಿದವರು ತಿಳಿಸಬೇಕು.

ಆ ದಾರಿ ಮುಗಿಯುವುದು ಮನುಷ್ಯರಲ್ಲಿಯೇ. ಪ್ರಾಣಿಯನ್ನು ಹಂತಹಂತವಾಗಿ ನೋಡಿದಂತೆ ಮನುಷ್ಯನನ್ನೂ ವರ್ಷವರ್ಷವೂ ನೋಡಿ ಬರೆದಿಟ್ಟರಲ್ಲದೆ ಎರಡನ್ನೂ ಹೋಲಿಸಲಾಗದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಇಂಥ ಕೆಲಸವನ್ನು ಕೈಗೊಂಡಿದೆ. ನಲವತ್ತೈದು ದಾಟಿದ 10,000 ಜನರನ್ನು ಸೇರಿಸಿಕೊಂಡು, ಅವರ ರಕ್ತ, ನೆನಪು, ನಡಿಗೆ, ಮಿದುಳಿನ ಚಿತ್ರ ಎಲ್ಲವನ್ನೂ ಕಾಲಕಾಲಕ್ಕೆ ಪರೀಕ್ಷಿಸುವುದು ಅದರ ಗುರಿ. ಮಾವಿನ ತೋಟದ ರೈತನ ಮಿದುಳು ಯೂರೋಪಿನ ರೋಗಿಯ ಮಿದುಳಿನಂತೆಯೇ ಮುಪ್ಪಾಗುತ್ತದೆಂದು ಊಹಿಸಿಕೊಂಡು ಕುಳಿತಿರುವುದಕ್ಕಿಂತ ಹೋಗಿ ನೋಡುವುದು ಮೇಲು.

ಮೈಸೂರಿನಲ್ಲಿ ಇದಕ್ಕಿಂತ ಹಳೆಯದಾದ ನಿಧಿಯೊಂದಿದೆ. 1906ರಲ್ಲಿ, ಆಲ್ಜೈಮರನು ತನ್ನ ಉಪನ್ಯಾಸವನ್ನು ಮಾಡಿದ ವರ್ಷದಲ್ಲಿಯೇ, ಮಂಡಿ ಮೊಹಲ್ಲೆಯಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ತೆರೆಯಿತು. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕಗಳಲ್ಲಿ ಬರೆದಿಡಲಾಯಿತು. ಬರೆದವರ ಮನಸ್ಸಿನಲ್ಲಿ ಯಾವ ಸಂಶೋಧನೆಯೂ ಇರಲಿಲ್ಲ. ದಿನದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು, ಅಷ್ಟೆ. ಆ ಪುಸ್ತಕಗಳನ್ನು ಹಿಡಿದು ಸಂಶೋಧಕರು ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ, ಹುಟ್ಟಿದಾಗಿನ ಗಾತ್ರಕ್ಕೂ ಹೃದಯರೋಗಕ್ಕೂ ಸಂಬಂಧವಿದೆಯೆಂದು 1996ರಲ್ಲಿ ಪ್ರಕಟಿಸಿದಾಗ ಮೈಸೂರಿನ ಹೆಸರು ಲೋಕದ ವೈದ್ಯಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಮುಂದೆ ವೈದ್ಯ ಮುರಳಿ ಕೃಷ್ಣ ಮತ್ತು ಸಂಗಡಿಗರು 1934ರಿಂದ 1966ರವರೆಗೆ ಹುಟ್ಟಿದವರ ಪೈಕಿ ಏಳುನೂರಕ್ಕೂ ಹೆಚ್ಚು ಮಂದಿಯ ನೆನಪು ಮತ್ತು ಬುದ್ಧಿಶಕ್ತಿಯನ್ನು ಪರೀಕ್ಷಿಸಿದರು. ಗರ್ಭದಲ್ಲಿ ಪಡೆದ ಪೋಷಣೆ ಮುಪ್ಪಿನ ಮಿದುಳನ್ನು ಕಾಯುತ್ತದೆಯೇ ಎಂಬುದು ಅವರ ಪ್ರಶ್ನೆ. ಯಾವ ಸುಂಡಿಲಿಯೂ ಉತ್ತರಿಸಲಾರದ ಪ್ರಶ್ನೆ ಅದು. ಆದರೆ ಅದಕ್ಕೆ ದೊರೆಯುವ ಉತ್ತರದ ಕಾರಣವನ್ನು ತಿಳಿಯಬೇಕಾದರೆ, ಗರ್ಭಿಣಿ ಪ್ರಾಣಿಗೆ ಆಹಾರವನ್ನು ತಗ್ಗಿಸಿ, ಅದರ ಮರಿಯ ಮಿದುಳನ್ನು ಹುಟ್ಟಿನಿಂದ ಮುಪ್ಪಿನವರೆಗೆ ಚಿತ್ರದ ಮೇಲೆ ಚಿತ್ರ ತೆಗೆದು ನೋಡಬೇಕಾದೀತು.

ಪ್ರಾಣಿಗೃಹದ ಕೆಲಸಕ್ಕೂ ಆಸ್ಪತ್ರೆಯ ದಾಖಲೆಗೂ ಹೀಗೆ ನಂಟು ಬೆಳೆಯಬೇಕು. ಎರಡಕ್ಕೂ ಬೇಕಾದ ಜಾಗಗಳು ಮೈಸೂರಿನಲ್ಲಿ ಒಂದೆರಡು ಮೈಲಿಗಳ ಅಂತರದಲ್ಲಿಯೇ ಇವೆ. ಸುಂಡಿಲಿ ಬೇಕಾದಾಗ ಸಿಗುತ್ತದೆ, ಮನುಷ್ಯರು ಹಾಗಲ್ಲ. 1966ರಲ್ಲಿ ಆ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ 2026ರಲ್ಲಿ ಅರವತ್ತು ತುಂಬುತ್ತದೆ. ಪುಸ್ತಕದ ಮೊದಲ ಪುಟಗಳಲ್ಲಿರುವ ಮಕ್ಕಳು ಬದುಕಿದ್ದರೆ ಆಗಲೇ ತೊಂಬತ್ತು ದಾಟಿರುತ್ತಾರೆ. ಅವರನ್ನು ನೋಡಿ ಬರೆದುಕೊಳ್ಳಲು ಉಳಿದಿರುವ ವರ್ಷಗಳು ಹೆಚ್ಚಿಲ್ಲ.